ನಮ್ಮ ತೋಟದ ಎಲೆ, ನಮ್ಮದೇ ತೆರಿಗೆ. ಓದಲಿಕ್ಕೆ ಮಾತ್ರ ಡಾಲರ್

"ಸರ್, ನಿಮಗೆ ವಿಟ್ಲದ ಸಿಪಿಸಿಆರ್‌ಐಯಲ್ಲಿ ಯಾರಾದ್ರೂ ಗುರ್ತ ಉಂಟಾ?"

ಬೆಳ್ತಂಗಡಿ ತಾಲೂಕಿನ ಹಳ್ಳಿಯೊಂದರ ಹುಡುಗಿ ಫೋನ್ ಮಾಡಿ ಹೀಗೆ ಕೇಳಿದಾಗ, ಮನೆಗೆ ಮಂಗಳಾ ತಳಿಯ ಅಡಿಕೆ ಸಸಿ ಬೇಕಾಗಿರಬೇಕು ಅಂದುಕೊಂಡೆ. ಪತ್ರಿಕೆಗೆ ಸುದ್ದಿ ಕೊಡುವವರಿಗೆ ಇಂಥ ಫೋನು ಹೊಸತಲ್ಲ. ಪಡಿತರ ಚೀಟಿಯಿಂದ ಹಿಡಿದು ಆಸ್ಪತ್ರೆಯ ಬೆಡ್‌ವರೆಗೆ ಎಲ್ಲದಕ್ಕೂ ನಮ್ಮನ್ನು ಕೇಳುತ್ತಾರೆ. ಆದರೆ ಅವಳಿಗೆ ಬೇಕಾಗಿದ್ದದ್ದು ಸಸಿಯಲ್ಲ. ಹತ್ತು ಹನ್ನೆರಡು ಪುಟದ ಒಂದು ಸಂಶೋಧನಾ ಲೇಖನ.

ಅವಳು ಖಾಸಗಿ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರದ ಎಂ.ಎಸ್ಸಿ. ಮಾಡುತ್ತಿದ್ದಾಳೆ. ಪ್ರಾಜೆಕ್ಟಿಗೆ ಆರಿಸಿಕೊಂಡ ವಿಷಯ ಅಡಿಕೆಯ ಎಲೆಚುಕ್ಕಿ ರೋಗ. ಯಾಕೆ ಅದೇ ವಿಷಯ ಎಂದು ಕೇಳಬೇಕಾಗಿರಲಿಲ್ಲ. ಅಪ್ಪನ ತೋಟದಲ್ಲಿ ಎರಡು ವರ್ಷದಿಂದ ಸೋಗೆ ಸುಟ್ಟ ಹಾಗೆ ಕಾಣುತ್ತಿದೆ. ಗೂಗಲ್ ಸ್ಕಾಲರಿನಲ್ಲಿ ಹುಡುಕಿದಾಗ ಬೇಕಾದ್ದೇ ಸಿಕ್ಕಿತು. ಕರಾವಳಿಯ ತೋಟಗಳಿಂದ ಎಲೆ ತಂದು ಮಾಡಿದ ಅಧ್ಯಯನ. ಬರೆದವರು ಸರ್ಕಾರಿ ಸಂಬಳದ ವಿಜ್ಞಾನಿಗಳು. ಎಂಟು ಹತ್ತು ಸಾಲಿನ ಸಾರಾಂಶ ಪರದೆಯಲ್ಲಿ ಬಂತು. ಅದರ ಕೆಳಗೆ ಒಂದು ಬೀಗದ ಚಿತ್ರ, ಪಕ್ಕದಲ್ಲಿ ಬೆಲೆ: 39.95 ಡಾಲರ್.

ಮೂರು ಸಾವಿರ ರೂಪಾಯಿಗೂ ಮೇಲೆ ಆಯಿತು. ಏಳೆಂಟು ಕಿಲೋ ಚಾಲಿ ಅಡಿಕೆಯ ದುಡ್ಡು. ಒಂದು ಪ್ರಾಜೆಕ್ಟಿಗೆ ಇಂಥ ಇಪ್ಪತ್ತು ಮೂವತ್ತು ಲೇಖನ ನೋಡಬೇಕು. ಹಾಗಾಗಿ ವಿಟ್ಲದಲ್ಲಿ ಯಾರಾದರೂ ಪರಿಚಯ ಇದ್ದರೆ ಅವರ ಹತ್ತಿರ ಪ್ರತಿ ಇರಬಹುದೇ ಎಂದು ಅವಳ ಲೆಕ್ಕ.

ಈ ವ್ಯಾಪಾರ ಹೇಗೆ ನಡೆಯುತ್ತದೆ ಎಂದು ನಮ್ಮ ಓದುಗರಿಗೆ ಒಮ್ಮೆ ಹೇಳಬೇಕು. ಯಾಕೆಂದರೆ ಮೊದಲ ಸಲ ಕೇಳಿದವರು ನಂಬುವುದಿಲ್ಲ. ವಿಜ್ಞಾನಿಗೆ ಸಂಬಳ ಕೊಡುವುದು ಸರ್ಕಾರ. ಪ್ರಯೋಗಾಲಯ, ಗಾಡಿ, ರಾಸಾಯನಿಕ ಎಲ್ಲದರ ಖರ್ಚೂ ಸರ್ಕಾರದ್ದು. ಬರೆದ ಲೇಖನಕ್ಕೆ ಜರ್ನಲಿನವರು ಅವರಿಗೆ ಒಂದು ಪೈಸೆ ಕೊಡುವುದಿಲ್ಲ. ಅದು ಸರಿಯಿದೆಯೇ ಎಂದು ಪರಿಶೀಲಿಸುವ ಬೇರೆ ವಿಜ್ಞಾನಿಗಳಿಗೂ ಸಾಮಾನ್ಯವಾಗಿ ಏನೂ ಸಿಗುವುದಿಲ್ಲ. ಲೇಖನದ ಹಕ್ಕನ್ನು ಪ್ರಕಾಶಕರಿಗೆ ಬರೆದುಕೊಡಬೇಕು. ಆಮೇಲೆ ಅದೇ ಲೇಖನವನ್ನು ನಮ್ಮದೇ ವಿಶ್ವವಿದ್ಯಾಲಯಗಳು ವರ್ಷವರ್ಷ ಚಂದಾ ಕಟ್ಟಿ ಓದಬೇಕು. ತೋಟ ನಮ್ಮದು, ಗೊಬ್ಬರ ನಮ್ಮದು, ಕೊಯ್ದವರೂ ನಮ್ಮವರೇ. ಅಡಿಕೆ ಮಾತ್ರ ಮಂಡಿಯವನದ್ದು, ತಿನ್ನಲಿಕ್ಕೆ ಒಂದು ಹೋಳು ಬೇಕಾದರೆ ನಾವೇ ದುಡ್ಡು ಕೊಟ್ಟು ತರಬೇಕು. ಹೀಗೆ ನಡೆಯುವ ಮಂಡಿಯನ್ನು ನಮ್ಮ ಊರಿನವರು ಒಂದು ದಿನ ಸಹಿಸಲಿಕ್ಕಿಲ್ಲ.

ಪ್ರಕಾಶಕರಿಗೂ ಖರ್ಚಿದೆ, ಇಲ್ಲವೆನ್ನುವುದಿಲ್ಲ. ಆದರೆ ಆ ಖರ್ಚಿಗೂ ಒಂದು ಪಿಡಿಎಫ್‌ಗೆ ಹಾಕುವ 40 ಡಾಲರಿಗೂ ಏನು ಸಂಬಂಧ ಎಂಬುದು ನನಗಂತೂ ಅರ್ಥವಾಗಿಲ್ಲ.

ಲೇಖನ ಸಿಗದಾಗ ವಿದ್ಯಾರ್ಥಿ ಏನು ಮಾಡುತ್ತಾರೆ? ಇದನ್ನು ನಾನು ಮೂರೂ ಕಡೆ, ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯಲ್ಲಿ, ಪರಿಚಯದ ಮಕ್ಕಳ ಹತ್ತಿರ ಕೇಳಿದೆ. ಹೆಸರು ಹಾಕುವುದಿಲ್ಲ ಎಂದ ಮೇಲೆ ಹೇಳಿದರು. ಸಾರಾಂಶ ಮಾತ್ರ ಓದಿ, ಇಡೀ ಲೇಖನ ಓದಿದ ಹಾಗೆ ಪ್ರಾಜೆಕ್ಟಿನಲ್ಲಿ ಬರೆಯುತ್ತಾರೆ. ಇಲ್ಲವೇ ಹಿಂದಿನ ವರ್ಷದ ಅಕ್ಕನ ಪ್ರಾಜೆಕ್ಟಿನಿಂದ ಉಲ್ಲೇಖದ ಪಟ್ಟಿ ಎತ್ತಿ ಹಾಕುತ್ತಾರೆ. ಆ ಅಕ್ಕನೂ ಓದಿರುವುದಿಲ್ಲ. ಈಗ ಎಐ ಆ್ಯಪ್ ಬಂದ ಮೇಲೆ ಇನ್ನೂ ಸುಲಭ. ಕೇಳಿದರೆ ಹತ್ತು ಲೇಖನದ ಹೆಸರು ಕೊಡುತ್ತದೆ, ಅದರಲ್ಲಿ ಕೆಲವು ಲೇಖನಗಳು ಜಗತ್ತಿನಲ್ಲಿ ಎಲ್ಲಿಯೂ ಇರುವುದಿಲ್ಲ. ಬೀಗ ಹಾಕಿದ ಲೇಖನವೂ ತೆರೆಯುವುದಿಲ್ಲ, ಇಲ್ಲದ ಲೇಖನವೂ ತೆರೆಯುವುದಿಲ್ಲ. ಗೈಡಿಗೆ ಎರಡರ ವ್ಯತ್ಯಾಸ ಗೊತ್ತಾಗುವುದು ಹೇಗೆ?

ನನ್ನ ತಕರಾರು ಇಲ್ಲಿಯದು. ಮಕ್ಕಳಿಗೆ ಮಾಹಿತಿ ಸಿಗಲಿಲ್ಲ ಎಂಬಲ್ಲಿಗೆ ಇದು ಮುಗಿಯುವುದಿಲ್ಲ. ಓದದ್ದನ್ನು ಓದಿದ್ದೇನೆ ಎಂದು ಸಹಿ ಹಾಕುವ ಅಭ್ಯಾಸ ಇಪ್ಪತ್ತೆರಡನೇ ವಯಸ್ಸಿಗೇ ಆಗುತ್ತದೆ. ಅದೇ ಮಕ್ಕಳು ನಾಳೆ ನಮ್ಮ ಮಣ್ಣು ಪರೀಕ್ಷೆಯ ವರದಿಗೂ, ರಕ್ತ ಪರೀಕ್ಷೆಯ ವರದಿಗೂ ಸಹಿ ಹಾಕುವವರು.

ಸರ್ಕಾರ ಏನೂ ಮಾಡಿಲ್ಲವೇ ಎಂದು ಕೇಳಬಹುದು. ಮಾಡಿದೆ, ದೊಡ್ಡದಾಗಿಯೇ ಮಾಡಿದೆ. 2024ರ ನವೆಂಬರ್ 25ರಂದು ಕೇಂದ್ರ ಸಂಪುಟ 'ಒಂದು ದೇಶ ಒಂದು ಚಂದಾ' ಯೋಜನೆಗೆ ಒಪ್ಪಿಗೆ ಕೊಟ್ಟಿತು. 2025, 2026, 2027 ಈ ಮೂರು ವರ್ಷಕ್ಕೆ 6000 ಕೋಟಿ ರೂಪಾಯಿ. 30 ದೊಡ್ಡ ಪ್ರಕಾಶಕರ ಸುಮಾರು 13,000 ಜರ್ನಲುಗಳನ್ನು 6300 ಸಂಸ್ಥೆಗಳ ಸುಮಾರು 1.8 ಕೋಟಿ ವಿದ್ಯಾರ್ಥಿಗಳು, ಅಧ್ಯಾಪಕರು, ಸಂಶೋಧಕರು ಓದಬಹುದು ಎಂದು ಲೆಕ್ಕ. 2025ರ ಜನವರಿ 1ರಿಂದ ಜಾರಿ. ನಡೆಸುವುದು ಗುಜರಾತಿನ ಗಾಂಧಿನಗರದಲ್ಲಿರುವ ಇನ್‌ಫ್ಲಿಬ್‌ನೆಟ್ ಕೇಂದ್ರ.

ಒಳ್ಳೆಯದೇ. ಆದರೆ ಮೊದಲ ಹಂತದಲ್ಲಿ ಒಂದು ಷರತ್ತು ಇದೆ. ಕಾಲೇಜು ಕೇಂದ್ರ ಅಥವಾ ರಾಜ್ಯ ಸರ್ಕಾರದ ಆಡಳಿತದಲ್ಲಿ ಇರಬೇಕು. ಖಾಸಗಿಯವರಿಗೆ ಮುಂದೆ ನೋಡೋಣ ಎಂದಿದ್ದಾರೆ.

ಈಗ ನಮ್ಮ ಊರಿನ ನಕ್ಷೆ ನೋಡಿ. ಮೂಡುಬಿದಿರೆ ಎಂದರೆ ಆಳ್ವಾಸ್, ಧವಲಾ, ಮಹಾವೀರ. ಬೆಳ್ತಂಗಡಿ ತಾಲೂಕಿನವರು ಕಾಲೇಜು ಅಂದ ಕೂಡಲೇ ಉಜಿರೆ ಎನ್ನುತ್ತಾರೆ. ಬಂಟ್ವಾಳದಲ್ಲಿ ಎಸ್‌ವಿಎಸ್. ಎಲ್ಲವೂ ಖಾಸಗಿ ಆಡಳಿತದವು. ನಮ್ಮ ಜಿಲ್ಲೆಯಲ್ಲಿ ಶಿಕ್ಷಣ ಬೆಳೆದದ್ದೇ ಮಠ, ಟ್ರಸ್ಟು, ಇಗರ್ಜಿ, ಸಂಘಗಳಿಂದ. ಅದನ್ನು ನಾವು ಭಾಷಣಗಳಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಸರ್ಕಾರಿ ಪದವಿ ಕಾಲೇಜುಗಳೂ ಇವೆ, ಕಾಮಾಜೆಯಲ್ಲಿ, ವಾಮದಪದವಿನಲ್ಲಿ, ಪುಂಜಾಲಕಟ್ಟೆಯಲ್ಲಿ, ಬೆಳ್ತಂಗಡಿಯಲ್ಲಿ. ಆದರೆ ಎಂ.ಎಸ್ಸಿ. ಬೇಕು, ಅದರಲ್ಲೂ ಲ್ಯಾಬು ಇರುವ ವಿಷಯ ಬೇಕು ಎಂದಾದರೆ ಒಂದೋ ಕೊಣಾಜೆಯ ವಿಶ್ವವಿದ್ಯಾಲಯಕ್ಕೆ ಹೋಗಬೇಕು, ಇಲ್ಲವೇ ಹತ್ತಿರದ ಖಾಸಗಿ ಕಾಲೇಜಿಗೆ. ಹುಡುಗಿಯನ್ನು ಹಾಸ್ಟೆಲಿನಲ್ಲಿ ಬಿಡಲು ಮನೆಯವರು ಒಪ್ಪದಿದ್ದರೆ, ಸಂಜೆ ದನ ಕಟ್ಟಲು ಅವಳೇ ಬೇಕಾದರೆ, ಬಸ್ಸು ಹೋಗುವ ಕಾಲೇಜೇ ಅವಳ ಕಾಲೇಜು.

ಹಾಗಾಗಿ ಒಂದೇ ಬಸ್ಸಿನಲ್ಲಿ ಅಕ್ಕಪಕ್ಕ ಕೂತ ಇಬ್ಬರಲ್ಲಿ, ಸರ್ಕಾರಿ ಕಾಲೇಜಿನವಳಿಗೆ 13,000 ಜರ್ನಲ್ ಫ್ರೀ, ಇನ್ನೊಬ್ಬಳಿಗೆ ಬೀಗ. ಇಬ್ಬರ ಅಪ್ಪಂದಿರೂ ಕಟ್ಟುವ ಜಿಎಸ್‌ಟಿ ಒಂದೇ. ಖಾಸಗಿ ಕಾಲೇಜು ಎಂದ ಕೂಡಲೇ ದುಡ್ಡಿರುವವರು ಎಂದು ದೆಹಲಿಯಲ್ಲಿ ಕೂತವರಿಗೆ ಕಾಣಬಹುದು. ಸೊಸೈಟಿಯ ಸಾಲದಲ್ಲಿ ಫೀಸು ಕಟ್ಟಿದವರು ನಮ್ಮ ಊರಿನ ಪ್ರತಿ ಓಣಿಯಲ್ಲಿಯೂ ಸಿಗುತ್ತಾರೆ.

ಇನ್ನೊಂದು ತಮಾಷೆ ಕೇಳಿ. ಒಳಗೆ ಹೋಗಲು ಅವಕಾಶ ಇರುವ ಸರ್ಕಾರಿ ಕಾಲೇಜಿನ ಮೂವರು ವಿದ್ಯಾರ್ಥಿಗಳಿಗೆ 'ಒಂದು ದೇಶ ಒಂದು ಚಂದಾ' ಗೊತ್ತುಂಟಾ ಎಂದು ಕೇಳಿದೆ. ಒಬ್ಬ, "ಚುನಾವಣೆಯದ್ದಾ ಸರ್?" ಅಂದ. ತಪ್ಪು ಅವನದ್ದಲ್ಲ. ಕ್ಯಾಂಪಸ್ಸಿನ ಇಂಟರ್ನೆಟ್‌ನಲ್ಲಿ ನೇರ ತೆರೆಯಬೇಕು, ಮನೆಯಿಂದ ಓದಬೇಕಾದರೆ ಕಾಲೇಜಿನವರು ಹೆಸರು ಸೇರಿಸಿ ಲಾಗಿನ್ ಕೊಡಬೇಕು. ಅದನ್ನು ಮಾಡಿಕೊಡುವ ಒಬ್ಬ ಲೈಬ್ರರಿಯನ್ ಬೇಕು, ಮಾಡಲು ಅವರಿಗೆ ಸಮಯವೂ ಬೇಕು. ಆರು ಸಾವಿರ ಕೋಟಿಯ ಹೆದ್ದಾರಿ ಮಾಡಿ, ಊರಿನ ಒಳಗೆ ಬರುವ ಮಣ್ಣಿನ ರಸ್ತೆಗೆ ಒಂದು ಲೋಡು ಜಲ್ಲಿ ಹಾಕದ ಹಾಗೆ ಆಯಿತು.

ಜ್ಞಾನಕ್ಕೆ ಬೀಗ ಹಾಕುವುದು ಹೊಸ ವಿಷಯವಲ್ಲ. ಮೂಡುಬಿದಿರೆಯವರಿಗೆ ಇದು ಚೆನ್ನಾಗಿ ಗೊತ್ತು. ಅಲ್ಲಿಯ ಗುರುಬಸದಿಯನ್ನು ಸಿದ್ಧಾಂತ ಬಸದಿ ಎಂದೂ ಕರೆಯುವುದು ಅಲ್ಲಿದ್ದ ಧವಲ, ಜಯಧವಲ, ಮಹಾಧವಲ ಗ್ರಂಥಗಳಿಂದಾಗಿ. ಜೈನ ಸಿದ್ಧಾಂತದ ಅತಿ ಹಳೆಯ ಗ್ರಂಥಗಳ ತಾಳೆಗರಿ ಪ್ರತಿಗಳು ಅವು, ಹಳಗನ್ನಡ ಲಿಪಿಯಲ್ಲಿ ಬರೆದವು. ಬೇರೆ ಎಲ್ಲಿಯೂ ಪ್ರತಿ ಉಳಿದಿರಲಿಲ್ಲ. ಶತಮಾನಗಳ ಕಾಲ ದೂರದೂರದಿಂದ ಬಂದ ಯಾತ್ರಿಕರಿಗೆ ಅವುಗಳ ದರ್ಶನ ಸಿಗುತ್ತಿತ್ತು. ಓದಲು ಸಿಗುತ್ತಿರಲಿಲ್ಲ. ಹಾಳಾಗಬಾರದು, ಕಳೆದುಹೋಗಬಾರದು ಎಂಬ ಭಯ ಅದರ ಹಿಂದೆ ಇತ್ತು, ಆ ಭಯ ಸುಳ್ಳೂ ಅಲ್ಲ. 19ನೇ ಶತಮಾನದ ಕೊನೆಗೆ ಪ್ರತಿ ಮಾಡಲು ಒಪ್ಪಿಗೆ ಸಿಕ್ಕಿತು, ಪ್ರತಿ ಊರು ಬಿಟ್ಟು ಹೊರಗೆ ಹೋಗಬಾರದು ಎಂಬ ಷರತ್ತಿನ ಮೇಲೆ. ಪ್ರತಿ ಮಾಡುತ್ತಿದ್ದ ಗಜಪತಿ ಉಪಾಧ್ಯಾಯರು ಗುಟ್ಟಾಗಿ ಇನ್ನೊಂದು ಕನ್ನಡ ಪ್ರತಿಯನ್ನೂ ಮಾಡಿಕೊಂಡರು. ಅದು ಉತ್ತರದ ಸಹಾರನ್‌ಪುರಕ್ಕೆ ಹೋಯಿತು. ಅಲ್ಲಿಂದ ಪ್ರತಿಯಿಂದ ಪ್ರತಿಯಾಗಿ ಹರಡಿ, 1939ರಲ್ಲಿ ಡಾ. ಹೀರಾಲಾಲ್ ಜೈನ್ ಸಂಪಾದನೆಯ ಮೊದಲ ಸಂಪುಟ ಅಚ್ಚಾಯಿತು. ಮುಂದೆ ಮೂಡುಬಿದಿರೆಯಲ್ಲಿಯೇ ಮೂಲ ಓಲೆಗಳ ಜೊತೆ ತಾಳೆ ನೋಡಲು ಅವಕಾಶವೂ ಸಿಕ್ಕಿತು. ಇವತ್ತು ಆ ಗ್ರಂಥದ ಹೆಸರಿನಲ್ಲಿ ಊರಿನಲ್ಲಿ ಒಂದು ಕಾಲೇಜೇ ಇದೆ.

ಗಜಪತಿ ಉಪಾಧ್ಯಾಯರು ಮಾಡಿದ್ದು ಸರಿಯೋ ತಪ್ಪೋ? ಕೊಟ್ಟ ಮಾತಿನ ಲೆಕ್ಕದಲ್ಲಿ ತಪ್ಪು. ಆದರೆ ಅವರು ಆ ತಪ್ಪು ಮಾಡದೇ ಹೋಗಿದ್ದರೆ ಗ್ರಂಥ ಇನ್ನೆಷ್ಟು ವರ್ಷ ಪೆಟ್ಟಿಗೆಯಲ್ಲಿ ಇರುತ್ತಿತ್ತೋ. ಒಂದು ವಿಷಯ ಮಾತ್ರ ಹೇಳಬೇಕು. ಅಂದು ಓಲೆ ಕಾದವರು ಅದನ್ನು ಮಾರಲಿಲ್ಲ.

ಇಂದಿನ ಗುಟ್ಟಿನ ಪ್ರತಿಯ ಹೆಸರು ಸೈ-ಹಬ್. ಕಜಾಕಸ್ತಾನದ ಅಲೆಕ್ಸಾಂಡ್ರಾ ಎಲ್ಬಾಕ್ಯಾನ್ ಎಂಬವರು 2011ರಲ್ಲಿ ಶುರು ಮಾಡಿದ ಜಾಲತಾಣ. ಬೀಗದ ಒಳಗಿನ ಕೋಟಿಗಟ್ಟಲೆ ಲೇಖನ ಪುಕ್ಕಟೆ. ನಮ್ಮ ದೇಶದಲ್ಲಿ ಇದನ್ನು ಬಳಸದ ಸಂಶೋಧಕರು ಅಪರೂಪ, ಒಪ್ಪಿಕೊಳ್ಳುವವರು ಇನ್ನೂ ಅಪರೂಪ. 2020ರ ಡಿಸೆಂಬರಿನಲ್ಲಿ ಎಲ್ಸೆವಿಯರ್, ವೈಲಿ ಮತ್ತು ಅಮೆರಿಕನ್ ಕೆಮಿಕಲ್ ಸೊಸೈಟಿ ದೆಹಲಿ ಹೈಕೋರ್ಟಿಗೆ ಹೋದವು. 2025ರ ಆಗಸ್ಟ್‌ನಲ್ಲಿ ಅದನ್ನು ಭಾರತದಲ್ಲಿ ತಡೆಹಿಡಿಯಲು ಕೋರ್ಟು ಆದೇಶಿಸಿತು. ನನ್ನನ್ನು ಕೇಳಿದ ಹುಡುಗಿಗೂ ಅದೇ ಆಯಿತು. ಹಿಂದಿನ ವರ್ಷದ ಅಕ್ಕ ಕೊಟ್ಟ ಲಿಂಕು ಈ ವರ್ಷ ತೆರೆಯಲಿಲ್ಲ. ಅಡ್ಡದಾರಿ ಹುಡುಕು ಎಂದು ನಾನು ಹೇಳಲಾರೆ, ಕೋರ್ಟಿನ ಆದೇಶ ಆದೇಶವೇ. ಆದರೆ ಅಡ್ಡದಾರಿ ಮುಚ್ಚುವವರು ನೇರ ದಾರಿಯನ್ನು ಎಲ್ಲರಿಗೂ ತೆರೆದು ಆಮೇಲೆ ಮುಚ್ಚಬೇಕಿತ್ತು.

ಅದೇ ದೆಹಲಿ ಹೈಕೋರ್ಟು ಇನ್ನೊಂದು ತೀರ್ಪನ್ನೂ ಕೊಟ್ಟಿದೆ. ದೆಹಲಿ ವಿಶ್ವವಿದ್ಯಾಲಯದ ಆವರಣದ ರಾಮೇಶ್ವರಿ ಎಂಬ ಜೆರಾಕ್ಸ್ ಅಂಗಡಿಯ ಮೇಲೆ 2012ರಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಡ್ಜ್, ಟೇಲರ್ ಆ್ಯಂಡ್ ಫ್ರಾನ್ಸಿಸ್ ಕೇಸು ಹಾಕಿದ್ದವು. ಪಾಠಕ್ಕೆ ಬೇಕಾದ ಪುಟಗಳನ್ನು ಜೆರಾಕ್ಸ್ ಮಾಡಿ ಮಾರುತ್ತಾರೆ ಎಂದು. 2016ರ ಸೆಪ್ಟೆಂಬರ್ 16ರಂದು ಕೋರ್ಟು ಕೇಸನ್ನು ತಳ್ಳಿಹಾಕಿತು. ಪಾಠದ ಅಗತ್ಯಕ್ಕೆ ಪ್ರತಿ ಮಾಡುವುದಕ್ಕೆ ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿಯೇ ವಿನಾಯಿತಿ ಇದೆ ಎಂದಿತು. 2017ರಲ್ಲಿ ಪ್ರಕಾಶಕರೇ ಕೇಸು ಹಿಂದೆಗೆದುಕೊಂಡರು. ಬಿ.ಸಿ. ರೋಡಿನಲ್ಲಿ ಪುಟಕ್ಕೆ ಎರಡು ರೂಪಾಯಿ ಕೊಟ್ಟು ಜೆರಾಕ್ಸ್ ಮಾಡಿಸುವವರಿಗೆ ಈ ತೀರ್ಪು ಗೊತ್ತಿರಲಿ.

"ಇಂಗ್ಲಿಷಿನ ಈ ಜರ್ನಲು ಹಳ್ಳಿಯಲ್ಲಿ ಯಾರಿಗೆ ಬೇಕು ಮಾರಾಯ್ರೆ?" ಎಂದು ನನ್ನ ಸ್ನೇಹಿತನೊಬ್ಬ ಕೇಳಿದ. ಅವನಿಗೂ ತೋಟ ಇದೆ. ಮಳೆಗಾಲದಲ್ಲಿ ಬೋರ್ಡೋ ಬಿಡುತ್ತಾನೆ. ಮೈಲುತುತ್ತು ಮತ್ತು ಸುಣ್ಣ ಸೇರಿಸಿ ಕೊಳೆರೋಗಕ್ಕೆ ಸಿಂಪಡಿಸಬೇಕು ಎಂಬುದನ್ನು ಅವನ ಅಜ್ಜ ಕನಸಿನಲ್ಲಿ ಕಂಡದ್ದಲ್ಲ. ಕೆನಡಾದಿಂದ ಮೈಸೂರು ಸಂಸ್ಥಾನಕ್ಕೆ ಬಂದ ಲೆಸ್ಲಿ ಕೋಲ್ಮನ್ ಎಂಬ ವಿಜ್ಞಾನಿ ಕೊಳೆರೋಗದ ಬೆನ್ನು ಹತ್ತಿ, ಅದು ಒಂದು ಶಿಲೀಂಧ್ರದಿಂದ ಬರುವುದೆಂದು ತೋರಿಸಿ, 1910ರಲ್ಲಿ ವರದಿ ಬರೆದರು. ಸಂಸ್ಥಾನದ ಕೃಷಿ ಇಲಾಖೆಯೇ ಅದನ್ನು ಅಚ್ಚು ಹಾಕಿಸಿತು. ರೈತನ ರೋಗದ ಬಗ್ಗೆ ಸರ್ಕಾರದ ದುಡ್ಡಿನಲ್ಲಿ ಮಾಡಿದ ಕೆಲಸ ಸರ್ಕಾರದ ಮುದ್ರೆಯಲ್ಲಿಯೇ ಹೊರಬಂತು. ಅದು 115 ವರ್ಷದ ಹಿಂದಿನ ಮಾತು.

ಇನ್ನೊಂದು ಉದಾಹರಣೆ ಇನ್ನೂ ಹತ್ತಿರದ್ದು. ಕೊಕ್ಕಡ, ಪಟ್ರಮೆ, ನಿಡ್ಲೆಯವರಿಗೆ ಎಂಡೋಸಲ್ಫಾನ್ ಎಂದರೆ ಏನೆಂದು ವಿವರಿಸಬೇಕಾಗಿಲ್ಲ. ಗೇರು ತೋಪಿನ ಮೇಲೆ ಹೆಲಿಕಾಪ್ಟರ್ ಹಾರಿದ ದಿನಗಳು ಆ ಊರುಗಳಲ್ಲಿ ಇನ್ನೂ ಮುಗಿದಿಲ್ಲ. ಗಡಿಯಾಚೆ ಕಾಸರಗೋಡಿನ ಪಡ್ರೆಯಲ್ಲಿ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಅಧ್ಯಯನ ಮಾಡಿದರು. ಆ ಊರಿನ 10ರಿಂದ 19 ವರ್ಷದ 117 ಹುಡುಗರನ್ನು, ಸಿಂಪಡಣೆ ಆಗದ ಕಡೆಯ 90 ಹುಡುಗರ ಜೊತೆ ಹೋಲಿಸಿ ನೋಡಿದರು. ಸಿಂಪಡಣೆಯ ಊರಿನ ಹುಡುಗರು ದೊಡ್ಡವರಾಗುವುದೇ ತಡವಾಗುತ್ತಿರಬಹುದು ಎಂಬ ಸೂಚನೆ ಸಿಕ್ಕಿತು. 2003ರಲ್ಲಿ ಪ್ರಕಟವಾದ ಆ ಲೇಖನ ಬಂದದ್ದು ಅಮೆರಿಕ ಸರ್ಕಾರದ ಸಂಸ್ಥೆಯೊಂದು ನಡೆಸುವ ಜರ್ನಲಿನಲ್ಲಿ. ಇವತ್ತು ಯಾರು ಬೇಕಾದರೂ ಒಂದು ಪೈಸೆ ಕೊಡದೆ ತೆರೆದು ಓದಬಹುದು. ಕೊಕ್ಕಡದ ಒಬ್ಬ ತಾಯಿ ತನ್ನ ಮಗನ ವಿಷಯದಲ್ಲಿ ವಿಜ್ಞಾನ ಏನು ಹೇಳಿದೆ ಎಂದು ಕೇಳಿದರೆ, ಓದಿ ಹೇಳಬಲ್ಲ ಒಬ್ಬ ಹುಡುಗ ಪಕ್ಕದ ಮನೆಯಲ್ಲಿ ಇದ್ದರೆ ಸಾಕು. ಅದು 40 ಡಾಲರಿನ ಲೇಖನವಾಗಿದ್ದರೆ ಆ ಹುಡುಗನಿಂದಲೂ ಆಗುತ್ತಿರಲಿಲ್ಲ, ವರದಿ ಬರೆಯುವ ನನ್ನಿಂದಲೂ ಆಗುತ್ತಿರಲಿಲ್ಲ.

ನಿಯಮಗಳು ಕಾಗದದ ಮೇಲೆ ಇಲ್ಲವೆಂದಲ್ಲ. ಕೃಷಿ ಸಂಶೋಧನೆಯ ಕೇಂದ್ರ ಮಂಡಳಿ ಐಸಿಎಆರ್ 2013ರಲ್ಲಿಯೇ ಮುಕ್ತ ಪ್ರವೇಶದ ನೀತಿ ತಂದಿದೆ. ಕೇಂದ್ರದ ವಿಜ್ಞಾನ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆಗಳು 2014ರ ಡಿಸೆಂಬರಿನಲ್ಲಿ ತಂದವು. ಸರ್ಕಾರದ ಹಣದಿಂದ ಮಾಡಿದ ಸಂಶೋಧನೆಯ ಒಂದು ಪ್ರತಿಯನ್ನು ಎಲ್ಲರಿಗೂ ತೆರೆದಿರುವ ಭಂಡಾರದಲ್ಲಿ ಇಡಬೇಕು ಎಂಬುದು ಇವುಗಳ ತಿರುಳು. ಇಡದಿದ್ದರೆ ಏನಾಗುತ್ತದೆ? ಏನೂ ಆಗುವುದಿಲ್ಲ. ಪಂಚಾಯತಿನ 'ಇಲ್ಲಿ ಕಸ ಹಾಕಬಾರದು' ಬೋರ್ಡಿನ ಬುಡದಲ್ಲಿ ಏನಾಗುತ್ತದೋ ಅದೇ.

ಹಾಗಾದರೆ ನಾನು ಕೇಳುವುದೇನು? ಖಾಸಗಿ ಕಾಲೇಜುಗಳನ್ನು ಎರಡನೇ ಹಂತದಲ್ಲಿ ಸೇರಿಸುವವರೆಗೆ ಕಾಯಿರಿ ಎನ್ನಬೇಡಿ. ಕಾಲೇಜಿನ ಮೂಲಕವೇ ಕೊಡಬೇಕೆಂಬ ಹಟ ಯಾಕೆ? ಪ್ರತಿ ತಾಲೂಕಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಎರಡು ಕಂಪ್ಯೂಟರಿಗೆ ಈ ಚಂದಾ ತೆರೆಯಲಿ. ಸರ್ಕಾರಿ ಕಾಲೇಜಿನವರು, ಖಾಸಗಿಯವರು, ಓದು ಮುಗಿಸಿ ಮನೆಯಲ್ಲಿರುವವರು, ತಾಲೂಕು ಆಸ್ಪತ್ರೆಯ ವೈದ್ಯರು, ಕೃಷಿಕರು, ಯಾರೂ ಬಂದು ಓದಲಿ.

ಇದು ದಾನ ಕೇಳಿದಂತಲ್ಲ. ಈ ವರ್ಷದ ಮನೆ ತೆರಿಗೆಯ ರಶೀದಿ ತೆಗೆದು ನೋಡಿ. ತೆರಿಗೆಯ ಕೆಳಗೆ ಭಿಕ್ಷುಕರ ಕರದ ಆಚೀಚೆ 'ಗ್ರಂಥಾಲಯ ಕರ' ಎಂದು ಒಂದು ಸಾಲು ಇದೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದ ಬಂದದ್ದು, ಈಗ ಕಟ್ಟಡ ತೆರಿಗೆಯ ಮೇಲೆ ಶೇ. 6. ಮಗ ಪುಸ್ತಕ ಮುಟ್ಟಲಿ ಬಿಡಲಿ, ನಾವು ಕಟ್ಟುತ್ತಲೇ ಬಂದಿದ್ದೇವೆ. ಗ್ರಾಮ ಪಂಚಾಯತ್ ಗ್ರಂಥಾಲಯಗಳಿಗೆ ಈಗ 'ಅರಿವು ಕೇಂದ್ರ' ಎಂದು ಹೊಸ ಹೆಸರು ಬಂದಿದೆ, ಕಂಪ್ಯೂಟರು ಬಂದಿದೆ, ಗೋಡೆಗೆ ಚಂದದ ಬಣ್ಣ ಬಂದಿದೆ. ಆ ಕಂಪ್ಯೂಟರಿನಲ್ಲಿ ಏನು ತೆರೆಯುತ್ತದೆ ಎಂಬುದನ್ನು ಗ್ರಾಮಸಭೆಯಲ್ಲಿ ಯಾರೂ ಕೇಳಿದ್ದು ನಾನು ವರದಿ ಮಾಡಿಲ್ಲ.

ಅಲ್ಲಿಯವರೆಗೆ ಪ್ರಾಜೆಕ್ಟಿನ ಮಕ್ಕಳು ಏನು ಮಾಡಬಹುದು? ಗೂಗಲ್ ಸ್ಕಾಲರಿನಲ್ಲಿ ಲೇಖನದ ಕೆಳಗೆ 'ಎಲ್ಲ ಆವೃತ್ತಿಗಳು' ಎಂಬುದನ್ನು ಒತ್ತಿ ನೋಡಿ, ಎಷ್ಟೋ ಸಲ ಇನ್ನೊಂದು ಕಡೆ ಪುಕ್ಕಟೆ ಪ್ರತಿ ಇರುತ್ತದೆ. ಅನ್‌ಪೇವಾಲ್ ಎಂಬ ಉಚಿತ ಸಾಧನವನ್ನು ಬ್ರೌಸರಿಗೆ ಹಾಕಿದರೆ ಕಾನೂನುಬದ್ಧ ಪ್ರತಿಯನ್ನು ಅದೇ ಹುಡುಕುತ್ತದೆ. ಪಿಎಚ್.ಡಿ. ಪ್ರಬಂಧಗಳು ಶೋಧಗಂಗಾದಲ್ಲಿ ಸಿಗುತ್ತವೆ. ಬೆಂಗಳೂರಿನಿಂದ 1932ರಿಂದ ಬರುತ್ತಿರುವ ಕರೆಂಟ್ ಸೈನ್ಸ್ ಪತ್ರಿಕೆ ಪೂರ್ತಿ ತೆರೆದಿದೆ. ನಿಮ್ಮ ಕಾಲೇಜು ಎನ್-ಲಿಸ್ಟ್ ಸದಸ್ಯ ಆಗಿದೆಯೇ ಎಂದು ಲೈಬ್ರರಿಯಲ್ಲಿ ಕೇಳಿ. 6000ಕ್ಕೂ ಹೆಚ್ಚು ಜರ್ನಲುಗಳು ಅದರಲ್ಲಿವೆ. ಸದಸ್ಯ ಆಗಿದ್ದೂ ವಿದ್ಯಾರ್ಥಿಗಳಿಗೆ ಪಾಸ್‌ವರ್ಡ್ ಕೊಡದ ಕಾಲೇಜು ಒಂದೆರಡು ನನಗೇ ಗೊತ್ತು.

ಎಲ್ಲಕ್ಕಿಂತ ಸುಲಭದ ದಾರಿ ಹುಡುಗಿಗೆ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ. ಕಾಲೇಜಿನ ಒಬ್ಬ ಮೇಡಂ ಹೇಳಿದರು. ಸಾರಾಂಶದ ಪಕ್ಕದಲ್ಲಿಯೇ ಲೇಖಕರ ಇಮೇಲ್ ಇರುತ್ತದೆ, ನೇರ ಅವರಿಗೇ ಬರೆ ಎಂದು. ದೊಡ್ಡ ವಿಜ್ಞಾನಿಗೆ ನಾನು ಹೇಗೆ ಬರೆಯುವುದು ಎಂದು ಎರಡು ದಿನ ಹಿಂದೆಮುಂದೆ ನೋಡಿದಳಂತೆ. ಕೊನೆಗೆ ನಾಲ್ಕು ಸಾಲು ಬರೆದಳು. ಮೂರನೇ ದಿನ ಉತ್ತರ ಬಂತು. ಕೇಳಿದ ಲೇಖನದ ಜೊತೆ ಕೇಳದ ಇನ್ನೆರಡು ಲೇಖನ, ಕೊನೆಗೆ "ನಿಮ್ಮ ತೋಟದ ಎಲೆಯ ಫೋಟೊ ಕಳಿಸಿ" ಎಂದು ಒಂದು ಸಾಲು.

ಅಷ್ಟರಲ್ಲಿ ಪ್ರಾಜೆಕ್ಟಿನ ಎರಡನೇ ಅಧ್ಯಾಯ ಸಾರಾಂಶಗಳ ಮೇಲೆಯೇ ಬರೆದು ಕೊಟ್ಟಾಗಿತ್ತು. ಈಗ ಪೂರ್ತಿ ಓದಿದ ಮೇಲೆ ಅದರಲ್ಲಿ ಎರಡು ಕಡೆ ತಪ್ಪು ಬರೆದಿದ್ದೇನೆ ಎಂದು ಅವಳಿಗೇ ಗೊತ್ತಾಗಿದೆ. ತಿದ್ದಿ ಪುನಃ ಪ್ರಿಂಟ್ ಹಾಕಿಸಲು ಗೈಡ್ ಒಪ್ಪಿದ್ದಾರೆ.

ನಾನು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಮೂರೂ ಕಡೆಯ ಗ್ರಂಥಾಲಯಗಳಿಗೆ ಮತ್ತು ನಮ್ಮ ಶಾಸಕರಿಗೆ ಈ ವಿಷಯದಲ್ಲಿ ಮನವಿ ಬರೆಯುತ್ತಿದ್ದೇನೆ. ನಿಮಗೂ ಲೇಖನ ಸಿಗದೆ ಪ್ರಾಜೆಕ್ಟಿನ ವಿಷಯವನ್ನೇ ಬದಲಾಯಿಸಬೇಕಾಗಿ ಬಂದಿದ್ದರೆ, ಯಾವ ಲೇಖನ, ಎಷ್ಟು ಡಾಲರ್ ಕೇಳಿತು ಎಂದು ಬರೆದು ಕಳಿಸಿ. ಹೆಸರು ಬೇಡ, ಸ್ಕ್ರೀನ್‌ಶಾಟ್ ಸಾಕು. ಮನವಿಯ ಜೊತೆ ಲಗತ್ತಿಸುತ್ತೇನೆ.